ಕೋಡು ಹಚ್ಚಿದ ಟ್ಯಾಂಕು

ಟಗರಿನ ಕುತ್ತಿಗೆ ಮುರಿಯುವ ಸದ್ದು ದೊಡ್ಡದೇನಲ್ಲ. ಒಣಗಿದ ತೊಗರಿಕಟ್ಟಿಗೆಯನ್ನು ಮೊಣಕಾಲಿಗೆ ಹಚ್ಚಿ ಮುರಿದರೆ ಎಷ್ಟು ಸದ್ದಾಗುತ್ತದೋ ಅಷ್ಟೇ. ಸವದತ್ತಿಯ ಹೊರಗೆ, ಜೋಳ ಕೊಯ್ದು ಖಾಲಿಯಾದ ಹೊಲದಲ್ಲಿ, ಅಷ್ಟೊಂದು ಜನ ಸಿಳ್ಳೆ ಹಾಕುತ್ತ, ಹಲಗಿ ಬಾರಿಸುತ್ತ ಕುಣಿಯುತ್ತಿದ್ದರೂ ಸುಭಾಸನ ಕಿವಿಗೆ ಆ ಸದ್ದು ಬಂದು ಬಡಿಯಿತು. ಅವನ ಟಗರು ಸಿಡಿಲ್ಯಾ ಮುಂಗಾಲು ಮಡಚಿ ಕುಸಿಯಿತು. ಎದುರಿಗಿದ್ದ ಹುಲಿಯಾ, ಸಾಲಹಳ್ಳಿಯ ಹಣಮಂತಪ್ಪನ ಟಗರು, ಬಿದ್ದದ್ದನ್ನೂ ಬಿಡದೆ ಪಕ್ಕೆಗೆ ಇನ್ನೊಂದು ಗುದ್ದಿತು. ಆಗ ಸಿಡಿಲ್ಯಾನ ಬಾಯಿಂದ ರಕ್ತ ಬಂತು.

ಕಾಳಗಕ್ಕೆ ಮೊದಲೇ ಮಾತಾಗಿತ್ತು: ಸೋತ ಟಗರು ಗೆದ್ದವನ ಪಾಲು. ಬಾಯಿ ತಪ್ಪಿ ಬಂದ ಮಾತಲ್ಲ, ಹಿರಿಯರ ಮುಂದೆ ಎಲೆ ಅಡಿಕೆ ಹಿಡಿದು ಆಡಿದ್ದು. ಸುಭಾಸನದು ಕೊರಳಿಗೆ ಲಿಂಗ ಕಟ್ಟುವ ಮನೆತನ. ಹೊಸ್ತಿಲೊಳಗೆ ಮಾಂಸ ಬಂದದ್ದೇ ಇಲ್ಲ. ತಾನು ಗೆದ್ದರೆ ಆ ಟಗರನ್ನು ಏನು ಮಾಡುವುದು ಎಂದು ಅವನು ಯೋಚಿಸಿರಲಿಲ್ಲ. ಸೋತರೆ ಏನಾಗುತ್ತದೆ ಎಂದಂತೂ ಕನಸಿನಲ್ಲೂ ಯೋಚಿಸಿರಲಿಲ್ಲ. ಹಣಮಂತಪ್ಪನ ಮಂದಿ ಸಿಡಿಲ್ಯಾನನ್ನು ಅಲ್ಲೇ ಬದುವಿನ ಬೇವಿನ ಗಿಡಕ್ಕೆ ತೂಗುಹಾಕಿ ಸುಲಿದರು. ಬಿಸಿ ಇನ್ನೂ ಆರಿರದ ತಲೆಯನ್ನು ಹಣಮಂತಪ್ಪ ಕೋಡು ಹಿಡಿದು ತಂದು ಸುಭಾಸನ ಕಾಲಬುಡಕ್ಕೆ ಒಗೆದ.

"ಒಯ್ಯಿ. ಗ್ವಾಡಿಗೆ ಬಡದ ಇಟಗೋ. ಬಂದ ಮಂದಿಗೆ ತೋರಸಾಕ ಬರತೈತಿ."

ಸುತ್ತಲಿನವರು ನಕ್ಕರು. ಸುಭಾಸನ ಮೈಯೆಲ್ಲ ಉರಿದುಹೋಯಿತು.

"ಮುಂದಿನ ಸುಗ್ಗ್ಯಾಗ ಮತ್ತ ಬರತೇನಿ," ಅಂದ. "ಇದರ ಮರಿ ಐತಿ ನಮ್ಮ ಮನ್ಯಾಗ, ಗುಂಡ್ಯಾ. ಅದನ್ನ ಬಿಡತೇನಿ ನಿನ್ನ ಹುಲಿಯಾನ ಮುಂದ."

"ಮಾತು ಇದ ಏನು?"

"ಇದ ಮಾತು."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ಅದೂ ಇಲ್ಲಿ ಕೊಯ್ದದ್ದು ಅವನ ಮೂಗಲ್ಲ, ಹೆಂಡತಿಯದು. ಯಾಕೆಂದರೆ ಗುಂಡ್ಯಾ ಅವನದಾಗಿರಲಿಲ್ಲ, ಸಾವಿತ್ರೆವ್ವನದಾಗಿತ್ತು.

ಸುಭಾಸ ದೊಡವಾಡದವ. ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟು, ಕೆಟ್ಟ ಮಿಕ್ಸರು, ಸ್ಟೆಬಿಲೈಜರು, ಏನು ತಂದು ಮುಂದಿಟ್ಟರೂ ಜೀವ ತುಂಬಿ ಕೊಡುವ ಕೈ. ಆ ಕೈಯ ಮೇಲೆ ಅವನಿಗೆ ಬಹಳ ಹೆಮ್ಮೆ. ಹೆಮ್ಮೆಯೊಂದನ್ನು ಶಿವ ತುಸು ಕಡಿಮೆ ಕೊಟ್ಟಿದ್ದರೆ ಒಳ್ಳೆಯ ಬಾಳುವೆಯೇ ಆಗುತ್ತಿತ್ತು.

ಮದುವೆಯಾಗಿ ಬಹಳ ವರ್ಷಕ್ಕೆ ಸಾವಿತ್ರೆವ್ವ ಒಂದು ಗಂಡುಮಗು ಹೆತ್ತಿದ್ದಳು. ಅದು ವಾರ ಕೂಡ ಉಳಿಯಲಿಲ್ಲ. ಅದೇ ದಿನಗಳಲ್ಲಿ ಹಿತ್ತಲಲ್ಲಿ ಸಿಡಿಲ್ಯಾನ ಮರಿ ಹಾಕಿದ ಕುರಿಯೂ ಸತ್ತಿತು. ಮಗುವಿಗೆಂದು ತಂದಿಟ್ಟಿದ್ದ ಬಾಟಲಿಯಲ್ಲಿ ಅವಳು ಆ ಮರಿಗೆ ಹಾಲು ಕುಡಿಸಿದಳು, ತನ್ನ ಹಳೆಯ ಸೀರೆಯಲ್ಲಿ ಸುತ್ತಿ ಪಕ್ಕದಲ್ಲಿ ಮಲಗಿಸಿಕೊಂಡಳು. ಅದೇ ಗುಂಡ್ಯಾ. ಈಗ ಕೋಡು ಎರಡು ಸುತ್ತು ಸುತ್ತಿದ್ದರೂ ಅವಳು ರೊಟ್ಟಿ ಬಡಿಯುವ ಸದ್ದು ಕೇಳಿದರೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿತ್ತು.

ಸವದತ್ತಿಯಿಂದ ಬಂದ ಸುಭಾಸ ತಾನು ಆಡಿಬಂದ ಮಾತನ್ನು ಹೇಳಿದಾಗ ಸಾವಿತ್ರೆವ್ವ ಅಳಲಿಲ್ಲ, ಕೂಗಾಡಲಿಲ್ಲ. ಬಡಿಯುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು ಎದ್ದುನಿಂತಳು.

"ನನ್ನ ಒಂದ ಮಾತ ಕೇಳಿದ್ರೇನ?"

"ಮಂದ್ಯಾಗ ಮಾನ ಹೋಗಾಕತ್ತಿತ್ತು."

"ಮಾನ ನಿಮ್ದು, ಜೀವ ಅದರದು," ಅಂದಳು. "ನೀವು ಗೆಲ್ರಿ, ಸೋಲ್ರಿ, ನನಗ ಬೇಕಾಗಿಲ್ಲ. ಗುಂಡ್ಯಾ ತಿರುಗಿ ಮನಿಗೆ ಬರಬೇಕು. ಇಷ್ಟ ನೆನಪಿಟಗೋರಿ."

ಸುಭಾಸ ಹೂಂ ಅಂದ. ಅವತ್ತು ಆ ಹೂಂನಲ್ಲಿ ಸುಳ್ಳಿರಲಿಲ್ಲ.

ಟಗರಿಗೆ ಕಾಳಗ ಕಲಿಸಲು ಎದುರಿಗೊಂದು ಟಗರು ಬೇಕು. ಕುತ್ತಿಗೆ ಮುರಿದು ಟಗರು ಸತ್ತ ಮನೆಯ ಟಗರಿನ ಮುಂದೆ ತಮ್ಮದನ್ನು ಬಿಡಲು ದೊಡವಾಡದಲ್ಲಿ ಯಾರೂ ಒಪ್ಪಲಿಲ್ಲ. ಅಪಶಕುನವಂತೆ. ಹೀಗಿರುವಾಗ ಒಂದು ಸಂಜೆ ಅವನ ಕಣ್ಣು ಕಪಾಟಿನ ಮೇಲಿದ್ದ ರಟ್ಟಿನ ಡಬ್ಬಿಯ ಮೇಲೆ ಬಿತ್ತು. ಅದರಲ್ಲಿದ್ದದ್ದು ರಿಮೋಟಿನಿಂದ ಓಡುವ ಮಿಲಿಟರಿ ಟ್ಯಾಂಕು, ಆಟದ್ದು. ಸಾವಿತ್ರೆವ್ವನ ತಮ್ಮ ವಿಜಯ ಸೈನ್ಯದಲ್ಲಿದ್ದ. ಅಕ್ಕನ ಮಗುವಿಗೆಂದು ಪುಣೆಯಲ್ಲಿ ಅದನ್ನು ಕೊಂಡು ರಜೆಗೆ ಬಂದರೆ, ಇಲ್ಲಿ ಮಗುವೇ ಇರಲಿಲ್ಲ. ಡಬ್ಬಿ ಹಾಗೇ ಕಪಾಟಿನ ಮೇಲೇರಿ ಕುಳಿತಿತ್ತು.

ಬೆಕ್ಕಿನಷ್ಟು ದೊಡ್ಡ ಹಸಿರು ಟ್ಯಾಂಕು. ರಿಮೋಟಿನ ಮೇಲೆ ಎರಡು ಕಡ್ಡಿ, ಎಡಗಡೆಯದು ಎಡ ಚೈನಿಗೆ, ಬಲಗಡೆಯದು ಬಲ ಚೈನಿಗೆ. ಎರಡನ್ನೂ ಮುಂದಕ್ಕೆ ಒತ್ತಿದರೆ ಮುಂದೆ, ಎರಡನ್ನೂ ಎಳೆದರೆ ಹಿಂದೆ, ಒಂದನ್ನೇ ಒತ್ತಿದರೆ ನಿಂತಲ್ಲೇ ಗರಗರ. ಇನ್ನೊಂದು ಗುಂಡಿ ಒತ್ತಿದರೆ ಮೇಲಿನ ತೋಪಿನ ತಲೆ ಎಡಕ್ಕೂ ಬಲಕ್ಕೂ ಹೊರಳುತ್ತಿತ್ತು. ಸುಭಾಸ ಅದನ್ನು ಹಿತ್ತಲಿಗೆ ಒಯ್ದು ಗುಂಡ್ಯಾನ ಮುಂದೆ ಬಿಟ್ಟ. ಟ್ಯಾಂಕು ಮುಂದೆ ಬಂದಾಗ ಗುಂಡ್ಯಾ ಮೂಸಿ ನೋಡಿತು, ಅಷ್ಟೇ. ಅವನು ಕಡ್ಡಿಗಳನ್ನು ಹಿಂದಕ್ಕೆ ಎಳೆದ ಕೂಡಲೇ ಅದರ ಕಿವಿ ನೆಟ್ಟಗಾದವು. ಟಗರುಗಳ ರೀತಿಯೇ ಹಾಗೆ. ಮುಂದೆ ಬರುವವನನ್ನು ಅವು ಲೆಕ್ಕಕ್ಕಿಡುವುದಿಲ್ಲ, ಎದುರಿನದು ಹಿಂದೆ ಸರಿದರೆ ಕಾಳಗಕ್ಕೆ ಕರೆದಂತೆ. ಗುಂಡ್ಯಾ ತಾನೂ ಹಿಂದೆ ಸರಿಯಿತು, ತಲೆ ತಗ್ಗಿಸಿತು, ಓಡಿಬಂದು ಒಂದೇ ಗುದ್ದಿಗೆ ಟ್ಯಾಂಕನ್ನು ಪುಡಿಪುಡಿ ಮಾಡಿತು.

ಸುಭಾಸ ಪ್ಲಾಸ್ಟಿಕ್ಕಿನ ಚೂರುಗಳಲ್ಲಿ ಕೈಯಾಡಿಸಿದ. ರಿಮೋಟಿನ ಮಾತು ಕೇಳುವ ಪುಟ್ಟ ಬೋರ್ಡು ಪೆಟ್ಟಾಗದೆ ಉಳಿದಿತ್ತು. ಸಾಕು, ಅಂದುಕೊಂಡ. ಮೆದುಳು ಉಳಿದಿದ್ದರೆ ಮೈ ಕಟ್ಟುವುದು ತನ್ನ ಕೆಲಸ.

ಆಗ ಕಿತ್ತೂರಿನ ಹತ್ತಿರ ಹೆದ್ದಾರಿ ಅಗಲ ಮಾಡುತ್ತಿದ್ದರು. ಅಲ್ಲಿಯ ಬುಲ್ಡೋಜರಿನ ಮುಂದೆ ನಿಂತು, ಅದು ಒಂದು ಚೈನು ತಡೆದು ಇನ್ನೊಂದನ್ನು ಓಡಿಸಿ ತಿರುಗುವುದನ್ನು ಅವನು ಊಟ ಮರೆತು ನೋಡಿದ. ಪಕ್ಕದ ಗುಜರಿ ಅಂಗಡಿಯಲ್ಲಿ ಅಪಘಾತವಾದ ಜೀಪಿನಿಂದ ಎರಡು ವೈಪರ್ ಮೋಟಾರು ಬಿಚ್ಚಿಸಿಕೊಂಡ. ಗಾಜು ಒರೆಸುವ ಮೋಟಾರೆಂದು ಹಗುರ ಮಾಡಬಾರದು, ನಿಧಾನ ತಿರುಗಿದರೂ ಕೈ ಕೊಟ್ಟರೆ ಬೆರಳು ಮುರಿಯುವಷ್ಟು ತಾಕತ್ತು. ಆಟಿಕೆಯ ಬೋರ್ಡಿಗೆ ಅದನ್ನು ನೇರವಾಗಿ ಕಟ್ಟಿದರೆ ಬೋರ್ಡು ಸುಟ್ಟುಹೋಗುತ್ತದೆ. ಅದಕ್ಕೆ ನಡುವೆ ಸ್ಟೆಬಿಲೈಜರಿನ ರಿಲೇಗಳನ್ನು ಕೂರಿಸಿದ. ಬೋರ್ಡು ಸಣ್ಣ ದನಿಯಲ್ಲಿ ಹೇಳಿದ್ದನ್ನು ರಿಲೇ ಟಕ್ ಎಂದು ಹಿಡಿದು ಬ್ಯಾಟರಿಯ ಪೂರಾ ಶಕ್ತಿಯನ್ನು ಮೋಟಾರಿಗೆ ಬಿಡುತ್ತಿತ್ತು. ಸೈಕಲ್ ಚೈನು ಜೋಡಿಸಿ, ಮೇಲೆ ಲಾರಿ ಟೈರಿನ ತುಂಡು ಬಡಿದು ಪಟ್ಟಿ ಮಾಡಿದ. ಮೈಗೆ ಹಳೆಯ ನೇಗಿಲ ತಗಡು, ತಲೆಗೆ ಜೀಪಿನ ಬ್ರೇಕ್ ಡ್ರಮ್. ಕೆಟ್ಟ ಟ್ರಾನ್ಸಿಸ್ಟರಿನ ಉದ್ದನೆಯ ಏರಿಯಲ್ ಕಿತ್ತು ರಿಮೋಟಿಗೆ ಹಚ್ಚಿದ ಮೇಲೆ ಟ್ಯಾಂಕು ಹಿತ್ತಲಿನ ಈ ತುದಿಯಿಂದ ಆ ತುದಿಯವರೆಗೂ ಮಾತು ಕೇಳತೊಡಗಿತು.

ಆದರೆ ಗುಂಡ್ಯಾ ಅದನ್ನು ಗುದ್ದಲಿಲ್ಲ. ಗ್ರೀಸಿನ ವಾಸನೆಗೆ ಸೀನಿ, ಡ್ರಮ್ಮನ್ನು ಒಮ್ಮೆ ನೆಕ್ಕಿ, ಅಡಿಗೆಮನೆಯ ಕಡೆ ಹೋಗಿಬಿಟ್ಟಿತು.

ಸಿಡಿಲ್ಯಾನ ತಲೆಯನ್ನು ಸುಭಾಸ ಅಂಗಡಿಯ ಹಿಂದೆ ಸುಣ್ಣದಲ್ಲಿ ಹೂತಿಟ್ಟಿದ್ದ. ಅದನ್ನು ತೆಗೆದು, ತೊಳೆದು, ಬುರುಡೆಗೆ ತೂತು ಕೊರೆದು ಬೋಲ್ಟು ಹಾಕಿ ಡ್ರಮ್ಮಿಗೆ ಬಿಗಿದ. ಈಗ ಗುಂಡಿ ಒತ್ತಿದರೆ ತೋಪಿನ ಬದಲು ಕೋಡಿನ ತಲೆ ಎಡಕ್ಕೆ ಬಲಕ್ಕೆ ಹೊರಳುತ್ತಿತ್ತು. ಮರುದಿನ ಟ್ಯಾಂಕನ್ನು ಹಿತ್ತಲಿಗೆ ತಂದು ಹಿಂದೆ ಸರಿಸಿದಾಗ ಗುಂಡ್ಯಾ ನೆಲ ಕೆದರಿತು. ಓಡಿಬಂದು ಸತ್ತ ಅಪ್ಪನ ಕೋಡಿಗೆ ತನ್ನ ಕೋಡು ಕೊಟ್ಟು ಬಡಿದ ಸದ್ದಿಗೆ ಗಿಡದ ಕಾಗೆಗಳು ಹಾರಿದವು. ಸಾವಿತ್ರೆವ್ವ ಬಾಗಿಲಲ್ಲಿ ನಿಂತು ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದಳು.

ಸುದ್ದಿ ಕೇಳಿ ಊರಿನ ಲಗಮಪ್ಪ ಬಂದ. ಆಯುಷ್ಯವನ್ನೆಲ್ಲ ಟಗರಿನ ಹಗ್ಗ ಹಿಡಿದೇ ಕಳೆದ ಮುದುಕ, ಕಾಳಗದ ಕಣದಲ್ಲಿ ಅವನು ಹೇಳಿದ್ದೇ ತೀರ್ಪು. ಟ್ಯಾಂಕಿನ ಸುತ್ತ ಒಂದು ಸುತ್ತು ಹಾಕಿ, ಕೋಲಿನಿಂದ ಚೈನು ತಟ್ಟಿ ನೋಡಿದ.

"ಚಲೋ ಮಾಡೀದಿ, ತಮ್ಮಾ. ಆದರ ಒಂದ ಮಾತ ಕೇಳು. ಇದು ದಿನಾ ಸೋಲಬೇಕು."

"ಸೋಲಬೇಕ?"

"ಗುದ್ದಿಸಿಕೊಂಡ ಓಡಬೇಕು. ಟಗರಿಗೆ ಗೆದ್ದದ್ದಷ್ಟ ನೆನಪಿರಬೇಕು. ಒಮ್ಮಿ ಮಾರಿ ತಿರುವಿ ಓಡಿದ ಟಗರು, ಹುಟ್ಟಿಸಿದ ದೇವರು ಬಂದು ನೂಕಿದರೂ ಮತ್ತ ಎದರ ನಿಲ್ಲೂದಿಲ್ಲ."

ಮುದುಕ ಹೇಳಿದಂತೆಯೇ ಸುಭಾಸ ಮಾಡಿದ. ಮುಂಗಾರು ಮುಗಿಯುವವರೆಗೆ ಟ್ಯಾಂಕು ದಿನವೂ ಎರಡು ಗುದ್ದು ತಿಂದು ಹಿಂದೆ ಹಿಂದೆ ಓಡುತ್ತಿತ್ತು, ಗುಂಡ್ಯಾ ಕತ್ತೆತ್ತಿ ಹಿತ್ತಲು ಸುತ್ತುತ್ತಿತ್ತು. ಸಾವಿತ್ರೆವ್ವ ನೆನೆಸಿದ ಹುರಳಿ, ಒಣಕೊಬ್ಬರಿ, ಬೆಲ್ಲ ಕಲಸಿ ತಿನ್ನಿಸುತ್ತಿದ್ದಳು. ಗುಂಡ್ಯಾನ ಕುತ್ತಿಗೆ ದಪ್ಪಗಾಯಿತು, ಎದೆ ಅಗಲವಾಯಿತು. ಅವಳೂ ಒಂದೆರಡು ಸಲ ನಕ್ಕಳು.

ಎಲ್ಲ ಹಾಗೇ ನಡೆದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಒಂದು ದಿನ ಮಂದಿ ನೋಡಲು ಬಂದರು. ಮಂದಿ ಬಂದ ಮೇಲೆ ಬಾಯಿಯೂ ಬರುತ್ತದೆ. ಚಹಾದಂಗಡಿಯ ಪರಸಪ್ಪ ಗೋಡೆಯ ಮೇಲೆ ಕುಳಿತು ಎಲೆ ಅಗಿಯುತ್ತ ಅಂದ:

"ಏನೋ ಸುಭಾಸಾ, ನಿನ್ನ ಟ್ಯಾಂಕ್ ದಿನಾ ಬಾಲ ಮುದುರಿ ಓಡತೈತಲ್ಲೋ! ಸವದತ್ತ್ಯಾಗ ನೀ ಓಡಿ ಬಂದದ್ದನ್ನ ಕಲಿಸೀಯೇನ?"

ಗೋಡೆ ತುಂಬ ನಗೆ ಎದ್ದಿತು. ಸುಭಾಸನ ಹೆಬ್ಬೆರಳುಗಳು ಕಡ್ಡಿಯ ಮೇಲಿದ್ದವು. ಎಳೆಯಬೇಕಾದವು ಒತ್ತಿದವು. ಗುದ್ದಿ ನಿಂತ ಗುಂಡ್ಯಾನನ್ನು ಟ್ಯಾಂಕು ತಳ್ಳಿಕೊಂಡು ಹೋಯಿತು, ಕಾಲು ಜಾರಿಸಿತು, ಗೋಡೆಗೆ ಒತ್ತಿ ಹಿಡಿಯಿತು. ಕೋಡಿನ ತಲೆ ಹೊರಳಿ ಅದರ ಕಿವಿಯ ಬುಡ ಹರಿಯಿತು. ಮಂದಿ ಹೋ ಎಂದು ಚಪ್ಪಾಳೆ ತಟ್ಟಿದರು. ಸವದತ್ತಿಯ ನಂತರ ಮೊದಲ ಸಲ ಸುಭಾಸನ ಎದೆ ಹಗುರಾಯಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಅವನಿಗೆ ಬಹಳ ಸಂತೋಷವಾಯಿತು.

ಅಲ್ಲಿಂದ ಮುಂದೆ ಟ್ಯಾಂಕು ಸೋಲುವುದನ್ನು ಮರೆಯಿತು. "ಹುಲಿಯಾ ಇದಕಿಂತ ಜೋರ ಗುದ್ದತೈತಿ, ತಡಕೊಳ್ಳೂದ ಕಲೀಲಿ," ಎಂದು ಸುಭಾಸ ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ. ಜೀಪಿನ ಮೋಟಾರು ತೆಗೆದು ಲಾರಿಯದನ್ನು ಕೂರಿಸಿದ. ಬುರುಡೆಯ ಹಿಂದೆ ಸ್ಕೂಟರಿನ ಶಾಕಪ್ ಸ್ಪ್ರಿಂಗು ಇಟ್ಟ, ಗುದ್ದಿದ ಪೆಟ್ಟು ಗುದ್ದಿದವನ ಹಣೆಗೇ ತಿರುಗಿ ಬರುವಂತೆ. ಹಳೆಯ ಬ್ಯಾಟರಿಗಳ ಸೀಸ ಕರಗಿಸಿ ಹೊಟ್ಟೆಗೆ ಎರೆದ. ಇಬ್ಬರು ಹಿಡಿದರೂ ಎತ್ತಲಾಗದ ಭಾರ. ಅಂಗಡಿಯಲ್ಲಿ ಸುಟ್ಟ ಪಂಪುಗಳು ಬಿದ್ದಲ್ಲೇ ಬಿದ್ದಿದ್ದವು, ರೈತರು ಬಂದು ಬೈದು ಹೋಗುತ್ತಿದ್ದರು. ಅವನ ಕಿವಿಗೆ ರಿಲೇಯ ಟಕ್ ಟಕ್ ಬಿಟ್ಟರೆ ಬೇರೇನೂ ಬೀಳುತ್ತಿರಲಿಲ್ಲ.

ಗುಂಡ್ಯಾನ ಹಣೆಯ ಗಾಯ ಮಾಯುವ ಮೊದಲೇ ಮತ್ತೆ ಒಡೆಯುತ್ತಿತ್ತು. ಸಾವಿತ್ರೆವ್ವ ಅರಿಸಿನ ಹಚ್ಚಿ, ಬಟ್ಟೆ ಸುಟ್ಟ ಬೂದಿ ತುಂಬಿ, ರಾತ್ರಿಯೆಲ್ಲ ಅದರ ಪಕ್ಕ ಕೂರುತ್ತಿದ್ದಳು. ಒಂದು ಮುಂಜಾನೆ ಅವಳು ರಿಮೋಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೊಡುವುದಿಲ್ಲವೆಂದು ನಿಂತಳು.

"ಯಾರ ಜೋಡಿ ಐತಿರಿ ನಿಮ್ಮ ಕಾಳಗ? ಹಣಮಂತಪ್ಪನ ಜೋಡಿನೋ, ಈ ಮೂಕ ಜೀವದ ಜೋಡಿನೋ?"

"ಕೊಡ ಇಲ್ಲೆ."

"ಕೊಡೂದಿಲ್ಲ. ಅದು ನನ್ನ ಮಗನ ಆಟಗಿ."

ಅವನು ಕೈ ತಿರುವಿ ಕಸಿದುಕೊಂಡ. ಬಳೆ ಒಡೆದು ಅವಳ ಮಣಿಕಟ್ಟಿಗೆ ಚುಚ್ಚಿದವು, ಏರಿಯಲ್ಲಿನ ತುದಿ ಅಂಗೈ ಸೀಳಿತು. ಸಾವಿತ್ರೆವ್ವ ರಕ್ತ ಸೋರುವ ಕೈಯನ್ನು ಅವನ ಮುಖದ ಮುಂದೆ ಹಿಡಿದಳು. ಅವನು ಅದನ್ನು ನೋಡಲಿಲ್ಲ, ಬಾಗಿದ ಏರಿಯಲ್ಲನ್ನು ನೋಡಿದ. ಒಳಗೆ ಹೋಗಿ ಬೆಸುಗೆ ಹಾಕುತ್ತ ಕುಳಿತ. ನಾಚಿಕೆ ಅವನಿಗೆ ಆಮೇಲೆ ಬಂತು, ಆಗ ಬರಲಿಲ್ಲ.

ಚಳಿಗಾಲದ ಕೊನೆಗೆ ಗುಂಡ್ಯಾ ಗುದ್ದುವುದನ್ನು ನಿಲ್ಲಿಸಿತು. ಟ್ಯಾಂಕು ಚಾಲೂ ಆದ ಕೂಡಲೇ ಹಿತ್ತಲ ಮೂಲೆಗೆ ಹೋಗಿ ಮುಖವನ್ನು ಗೋಡೆಗೆ ಹಚ್ಚಿ ನಿಲ್ಲುತ್ತಿತ್ತು, ತೊಡೆ ಗಡಗಡ ನಡುಗುತ್ತಿದ್ದವು, ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಲಗಮಪ್ಪನನ್ನು ಕರೆಸಿದ. ಮುದುಕ ಗುಂಡ್ಯಾನ ಕಣ್ಣು ನೋಡಿ, ಆಮೇಲೆ ಸುಭಾಸನ ಕಣ್ಣು ನೋಡಿದ.

"ಮಾರಿ ತಿರುವೇತಿ. ಒಯ್ಯಬ್ಯಾಡ."

"ಒಯ್ಯದಿದ್ದರೂ ಸೋತಂಗ ಲೆಕ್ಕ, ಯಜ್ಜಾ. ಮಾತ ಕೊಟ್ಟೇನಿ."

"ಹಂಗಾರ ಹಣಮಂತಪ್ಪನ ಕಾಲ ಹಿಡಿ. ಕಾಲ ಹಿಡದವನ್ನ ಅಂವಾ ಒದಿಯೂದಿಲ್ಲ."

ಸುಭಾಸ ಯಾರ ಕಾಲನ್ನೂ ಹಿಡಿಯಲಿಲ್ಲ. ಕಣದಲ್ಲಿ ಟ್ಯಾಂಕಿಲ್ಲ, ಹುಲಿಯಾ ಇರುವುದು, ಟಗರು ಕಂಡರೆ ಟಗರಿಗೆ ರಕ್ತ ಕುದಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ.

ಕಾಳಗದ ದಿನ ಅವನು ಟೆಂಪೋದಲ್ಲಿ ಗುಂಡ್ಯಾನನ್ನು ಹತ್ತಿಸಿದ. ಅದರ ಹಿಂದೆ ಟ್ಯಾಂಕನ್ನೂ ಹಲಗೆ ಇಟ್ಟು ಹತ್ತಿಸಿ ತಾಡಪತ್ರಿ ಮುಚ್ಚಿದ. ಯಾಕೆ ಎಂದು ಸಾವಿತ್ರೆವ್ವ ಕೇಳಿದರೆ ತಾಡಪತ್ರಿಯ ಹಗ್ಗ ಬಿಗಿಯುತ್ತ ಹೋದ. ಅವಳು ಗುಂಡ್ಯಾನ ಗಾಯದ ಹಣೆಗೆ ವಿಭೂತಿ ಹಚ್ಚಿ, ಕಿವಿಯ ಹತ್ತಿರ ಏನೋ ಹೇಳಿ ಇಳಿದಳು. "ತಿರುಗಿ ಬರಬೇಕು," ಎಂದಳು. ಅದನ್ನು ಟಗರಿಗೆ ಹೇಳಿದಳೋ ಗಂಡನಿಗೋ ತಿಳಿಯಲಿಲ್ಲ.

ರಾಮದುರ್ಗದ ಹೊರಗೆ, ಮಲಪ್ರಭೆಯ ದಂಡೆಯ ಹೊಲದಲ್ಲಿ ಕಣ. ಸುತ್ತ ಮಂದಿಯ ಗೋಡೆ. ಹಲಗಿ ಬಾರಿಸಿದರು. ಹಣಮಂತಪ್ಪ ಹುಲಿಯಾನ ಹಗ್ಗ ಬಿಟ್ಟ. ಅದು ಕಪ್ಪು ಮೈಗೆ ಭಂಡಾರ ಬಳಿದುಕೊಂಡು, ನಿಧಾನವಾಗಿ ಹಿಂದೆ ಸರಿದು ನಿಂತಿತು. ಸುಭಾಸ ಗುಂಡ್ಯಾನನ್ನು ಬಿಟ್ಟ. ಗುಂಡ್ಯಾ ಎದುರಿಗೆ ಅದು ಹಿಂದೆ ಸರಿದು ನಿಂತದ್ದನ್ನು ಕಂಡಿತು, ಕೋಡು ಕಂಡಿತು. ಅಷ್ಟೇ. ಪಕ್ಕನೆ ಮುಖ ತಿರುವಿ, ನುಗ್ಗಲು ದಾರಿ ಸಿಗದೆ ಮಂದಿಯ ಕಾಲುಗಳ ಸಂದಿಗೆ ತಲೆ ತೂರಿಸಿ ನಡುಗುತ್ತ ನಿಂತಿತು. ಒಂದು ಗುದ್ದೂ ಆಗಲಿಲ್ಲ.

ಮೊದಲು ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನಗೆ ಎದ್ದಿತು. ಸವದತ್ತಿಯ ನಗೆ ಇದರ ಮುಂದೆ ಏನೂ ಅಲ್ಲ. ಯಾರೋ ಗುಂಡ್ಯಾನ ಬಾಲ ಹಿಡಿದು ಎಳೆದರು, ಯಾರೋ ಸುಭಾಸನ ಪಟಗಾ ಹಾರಿಸಿದರು. ಹಣಮಂತಪ್ಪ ಮಾತ್ರ ನಗಲಿಲ್ಲ.

"ಏನ ಮಾಡೀಯೋ ಈ ಟಗರಿಗೆ?" ಅಂದ. "ಸಿಡಿಲ್ಯಾನ ಮರಿ ಹಿಂಗ ಇರಾಕ ಸಾಧ್ಯ ಇಲ್ಲ."

ಆ ಮಾತು ಸುಭಾಸನ ತಲೆ ಕೆಡಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಟೆಂಪೋದ ಹತ್ತಿರ ಓಡಿ, ಹಲಗೆ ಎಳೆದು, ತಾಡಪತ್ರಿ ಕಿತ್ತ. ಸಿಡಿಲ್ಯಾನ ಕೋಡು ಬಿಸಿಲಿಗೆ ಹೊಳೆಯಿತು. ಕಡ್ಡಿ ಒತ್ತಿದ. ಟ್ಯಾಂಕು ಹಲಗೆಯಿಂದ ಧಪ್ಪನೆ ನೆಲಕ್ಕಿಳಿದು, ಕೂಳೆ ಮುರಿಯುತ್ತ ಕಣಕ್ಕೆ ನುಗ್ಗಿತು. ಮಂದಿ ಚೆಲ್ಲಾಪಿಲ್ಲಿಯಾಗಿ ದಾರಿ ಬಿಟ್ಟರು.

"ಲೇ, ನಿಂದರಸೋ! ಹುಲಿಯಾನ ಹಿಡೀರಿ!" ಹಣಮಂತಪ್ಪ ಕೂಗಿದ.

ಸುಭಾಸ ಟೆಂಪೋದ ಮೇಲೆ ನಿಂತು ಎರಡೂ ಕಡ್ಡಿಗಳನ್ನು ಹಿಂದಕ್ಕೆ ಎಳೆದ. ಟ್ಯಾಂಕು ಹಿಂದೆ ಸರಿಯಿತು. ಹುಲಿಯಾ ಆ ಕರೆಗೆ ಓಗೊಡದೆ ಇರುವ ಜಾತಿಯದಲ್ಲ. ತಾನೂ ಸರಿಯಿತು, ಓಡಿಬಂತು. ಮೊದಲ ಗುದ್ದಿಗೆ ಸ್ಪ್ರಿಂಗು ಪೆಟ್ಟನ್ನು ತಿರುಗಿ ಕೊಟ್ಟಿತು, ಹುಲಿಯಾನ ಒಂದು ಕೋಡು ಬುಡದಿಂದ ಸೀಳಿತು. ರಕ್ತ ಕಣ್ಣಿಗೆ ಇಳಿಯಿತು. ಅದು ಹಿಂಜರಿಯಲಿಲ್ಲ. ಮತ್ತೆ ಸರಿದು, ಮತ್ತೆ ಬಂದು, ಸೀಸ ತುಂಬಿದ ಕಬ್ಬಿಣಕ್ಕೆ ಹಣೆ ಕೊಟ್ಟಿತು. ಹಣಮಂತಪ್ಪ ಹಗ್ಗ ಹಿಡಿಯಲು ನುಗ್ಗಿದ. ಟ್ಯಾಂಕಿನ ಚೈನು ಅವನ ಪಾದದ ಮೇಲೆ ಹಾಯಿತು, ಅವನು ಚೀರಿ ಬಿದ್ದ. ಸುಭಾಸನಿಗೆ ಚೀರಿದ್ದು ಕೇಳಿಸಿತು. ಬೆರಳು ನಿಲ್ಲಲಿಲ್ಲ. ಹುಲಿಯಾ ಕುರುಡಾಗಿ ಮೂರನೆಯ ಸಲ ಬಂದಾಗ ಅವನು ಕಡ್ಡಿಗಳನ್ನು ಪೂರ್ತಿ ಮುಂದಕ್ಕೆ ಒತ್ತಿದ.

ತೊಗರಿಕಟ್ಟಿಗೆ ಮುರಿದಂಥ ಅದೇ ಸದ್ದು.

"ಬಿತ್ತು! ಬಿತ್ತಲೇ!" ಎಂದು ಸುಭಾಸ ಕುಣಿದ. ಅವನೊಬ್ಬನೇ ಕುಣಿಯುತ್ತಿದ್ದ. ಹಲಗಿ ನಿಂತಿತ್ತು. ಮರುಗಳಿಗೆ ಯಾರೋ ಅವನ ಕಾಲು ಹಿಡಿದು ಟೆಂಪೋದಿಂದ ಕೆಳಗೆ ಎಳೆದರು. ಒದೆ ಎಲ್ಲಿಂದ ಬೀಳುತ್ತಿವೆ ಎಂದು ತಿಳಿಯಲಿಲ್ಲ. ಹಲ್ಲು ಎರಡು ಬಾಯೊಳಗೇ ಉದುರಿದವು, ಪಕ್ಕೆಲುಬು ಲಟಕ್ಕೆಂದಿತು. ಇನ್ನೊಂದು ಗುಂಪು ಟ್ಯಾಂಕಿನ ಮೇಲೆ ಕಲ್ಲು ಎತ್ತಿ ಹಾಕುತ್ತಿತ್ತು. ಲಗಮಪ್ಪ ಕೋಲು ಬೀಸುತ್ತ ನಡುವೆ ಬರದಿದ್ದರೆ ಸುಭಾಸ ಅಲ್ಲೇ ಮುಗಿಯುತ್ತಿದ್ದ.

ಗುಂಪು ಸರಿದ ಮೇಲೆ ಅವನಿಗೆ ಕಂಡದ್ದು ಹಣಮಂತಪ್ಪ. ಜಜ್ಜಿದ ಪಾದವನ್ನು ಚಾಚಿ ಮಣ್ಣಿನಲ್ಲಿ ಕುಳಿತಿದ್ದ. ಹುಲಿಯಾನ ತಲೆ ಅವನ ತೊಡೆಯ ಮೇಲಿತ್ತು. ಧೋತರದ ಚುಂಗಿನಿಂದ ಅದರ ಕಣ್ಣಿನ ರಕ್ತ ಒರೆಸುತ್ತ, ಎಳೆಯ ಮಗುವಿನಂತೆ ಬಾಯಿ ತೆರೆದು ಅಳುತ್ತಿದ್ದ. ಅವನ ಕಡೆಯವನೊಬ್ಬ ಚಾಕು ತಂದ.

"ಮುಟ್ಟಬ್ಯಾಡ್ರಿ," ಅಂದ ಹಣಮಂತಪ್ಪ. "ಇದನ್ನ ಯಾರೂ ಕೊಯ್ಯಂಗಿಲ್ಲ. ಮಣ್ಣ ಮಾಡತೇನಿ."

ಸುಭಾಸ ಬಾಯಿಯ ರಕ್ತ ಉಗುಳಿ, "ನಂದ ಗೆದ್ದೈತಿ," ಎನ್ನಲು ಹೋದ. ಮಾತು ಅರ್ಧಕ್ಕೇ ನಿಂತಿತು.

ಲಗಮಪ್ಪ 'ನಮ್ಮೂರವ' ಎಂದು ನೋಡಲಿಲ್ಲ. ಕೋಲನ್ನು ನೆಲಕ್ಕೆ ಊರಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಟಗರು ಟಗರಿಗೆ ಮಾರಿ ತಿರುವೇತಿ. ಸೋತದ್ದು ಗುಂಡ್ಯಾ. ಕಬ್ಬಿಣದ್ದು ಲೆಕ್ಕಕ್ಕಿಲ್ಲ. ಮಾತಿನಂಗ ಅದು ಹಣಮಂತಪ್ಪನ ಪಾಲು."

"ಇಲ್ಲೇ ಕೊಯ್ಯೂದೇನು?" ಚಾಕುವಿನವನು ಕೇಳಿದ.

"ಸಾಲಹಳ್ಳ್ಯಾಗ," ಅಂದ ಹಣಮಂತಪ್ಪ. ಇಬ್ಬರ ಹೆಗಲು ಹಿಡಿದು ಎದ್ದ.

ಆಗ ಸುಭಾಸನಿಗೆ ಹೆಂಡತಿಯ ಮಾತು ನೆನಪಾಯಿತು. ಮೊಣಕಾಲೂರಿ, ಮೊದಲೇ ಹಿಡಿಯಬೇಕಾಗಿದ್ದ ಕಾಲನ್ನು ಈಗ ಹಿಡಿದ. "ಕೈ ಮುಗೀತೇನ್ರಿ. ಅದು ನಂದಲ್ಲ, ಅಕೀದು. ಅದನ್ನೊಂದ ಬಿಡ್ರಿ." ಹಣಮಂತಪ್ಪ ಒದೆಯಲಿಲ್ಲ. ಕಾಲು ಬಿಡಿಸಿಕೊಂಡು, ಮಂದಿಯ ಸಂದಿಯಲ್ಲಿ ನಡುಗುತ್ತಿದ್ದ ಗುಂಡ್ಯಾನ ಹಗ್ಗ ತೆಗೆದುಕೊಂಡ.

"ಗುಂಡ್ಯಾ!" ಎಂದು ಸುಭಾಸ ಕೂಗಿ ಎದ್ದು ಒಂದು ಹೆಜ್ಜೆ ಮುಂದಿಟ್ಟ. ಏರಿಯಲ್ ಮುರಿದ ರಿಮೋಟು ಇನ್ನೂ ಅವನ ಕೈಯಲ್ಲೇ ಇತ್ತು. ಗುಂಡ್ಯಾ ಅವನನ್ನು ನೋಡಿತು, ಆ ಕೈಯನ್ನು ನೋಡಿತು. ನೋಡಿದ್ದೇ, ಹಣಮಂತಪ್ಪನ ಧೋತರದ ಹಿಂದೆ ಸೇರಿಕೊಂಡು ಅವನ ತೊಡೆಗೆ ಮೈ ಹಚ್ಚಿ ನಿಂತಿತು. ಹಣಮಂತಪ್ಪ ಕುಂಟುತ್ತ ಹೊರಟಾಗ ಎಳೆಯುವ ಕೆಲಸವೇ ಬೀಳಲಿಲ್ಲ. ಹಗ್ಗ ನೆಲಕ್ಕೆ ಜೋತುಬಿದ್ದಿತ್ತು. ಗುಂಡ್ಯಾ ಅವನಿಗಿಂತ ಮುಂದೆ ಮುಂದೆ, ಅವಸರದಿಂದ, ಒಮ್ಮೆಯೂ ತಿರುಗಿ ನೋಡದೆ ಸಾಲಹಳ್ಳಿಯ ಗಾಡಿ ಹತ್ತಿತು.

ಸುಭಾಸ ದೊಡವಾಡ ಮುಟ್ಟಿದಾಗ ಸಾವಿತ್ರೆವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ನೆನೆಸಿದ ಹುರಳಿಯ ಬುಟ್ಟಿ. ಗಂಡನ ಒಡೆದ ಮುಖ ನೋಡಿದಳು. ಖಾಲಿ ಟೆಂಪೋ ನೋಡಿದಳು. ಅವನು ನಡೆದದ್ದನ್ನೆಲ್ಲ ಬಾಯಿ ಬಂದಷ್ಟು ಹೇಳಿ ಮುಗಿಸಿದ.

"ಹೋಗೂ ಮುಂದ ಒಮ್ಮಿಯರ ನಿಮ್ಮ ಕಡೆ ತಿರುಗಿ ನೋಡಿತೇನ್ರಿ?" ಎಂದು ಕೇಳಿದಳು.

ಸುಭಾಸ ತಲೆ ತಗ್ಗಿಸಿದ. "ಇಲ್ಲ," ಅಂದ.

ಸಾವಿತ್ರೆವ್ವ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.